ಹಂಪಿ ನೋಡಲು ಅಜ್ಜನಿಗೆ 40, ಮೊಮ್ಮಗನಿಗೆ 600

ಗವಿಮಠದ ಜಾತ್ರೆಗೋ ಮನೆಯ ಮದುವೆಗೋ ಅಮೆರಿಕ, ಆಸ್ಟ್ರೇಲಿಯಾಗಳಿಂದ ಮಕ್ಕಳು ಮೊಮ್ಮಕ್ಕಳು ಬಂದಿಳಿದರೆ ಕೊಪ್ಪಳ, ಗಂಗಾವತಿಯ ಮನೆಗಳಲ್ಲಿ ಒಂದು ದಿನ ಹಂಪಿಗೇ ಮೀಸಲು. ರೊಟ್ಟಿ ಬುತ್ತಿ ಕಟ್ಟಿಕೊಂಡು, ಕಡೇಬಾಗಿಲು ಸೇತುವೆ ದಾಟಿ ವಿಜಯವಿಠ್ಠಲ ದೇವಾಲಯದ ಟಿಕೆಟ್ ಕಿಟಕಿ ಮುಟ್ಟುವವರೆಗೆ ಎಲ್ಲರೂ ಒಂದೇ ಮನೆಯವರು. ಅಲ್ಲಿ ಎರಡು ಪಾಲು: ಅಜ್ಜನಿಗೆ 40 ರೂಪಾಯಿ, ವಿದೇಶಿ ಪಾಸ್‌ಪೋರ್ಟಿನ ಮೊಮ್ಮಗನಿಗೆ 600.

ಇದು ಕಿಟಕಿಯಲ್ಲಿ ಕುಳಿತವರ ಕರಾಮತ್ತಲ್ಲ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಲಿಖಿತ ದರ. ವಿಶ್ವ ಪಾರಂಪರಿಕ ತಾಣಗಳಲ್ಲಿ ವಿದೇಶಿಯರಿಗೆ 250 ರೂಪಾಯಿ ಇದ್ದದ್ದು 2016ರಲ್ಲಿ 500ಕ್ಕೆ, 2018ರ ಆಗಸ್ಟ್‌ನಲ್ಲಿ 600ಕ್ಕೆ ಏರಿತು. ನಾಲ್ವರು ದೊಡ್ಡವರಿಗೆ 160 ಕೊಡಬೇಕಾದ ಕಡೆ 2,400 ತೆರಬಾರದು ಎಂದಿದ್ದರೆ ಮನೆಯಿಂದ ಹೊರಡುವ ಮುನ್ನವೇ ಕಾಗದಪತ್ರ ನೋಡಿಕೊಳ್ಳಬೇಕು.

ಮೊದಲು ಯಾರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಎಂದು ಕೇಳಿ. ದರ ನಿಂತಿರುವುದು ವಾಸದ ಮೇಲಲ್ಲ, ಪೌರತ್ವದ ಮೇಲೆ. ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದವರು ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿದ್ದರೆ ಅವರಿಗೂ 40 ರೂಪಾಯಿಯೇ. ನೇಪಾಳ, ಶ್ರೀಲಂಕಾ, ಥಾಯ್ಲೆಂಡ್ ಸೇರಿದಂತೆ ಸಾರ್ಕ್ ಮತ್ತು ಬಿಮ್‌ಸ್ಟೆಕ್ ದೇಶಗಳ ಪ್ರಜೆಗಳಿಗೂ ಅದೇ ದರ. ಹದಿನೈದು ತುಂಬದ ಮಕ್ಕಳಿಗೆ ಟಿಕೆಟ್ಟೇ ಬೇಡ. ವಯಸ್ಸಿಗೆ ಪುರಾವೆ ಜೊತೆಗಿರಲಿ.

ಇನ್ನು ವಿದೇಶಿ ಪಾಸ್‌ಪೋರ್ಟ್ ಪಡೆದ ನಮ್ಮವರು. ಅವರ ಬಳಿ ಸಾಗರೋತ್ತರ ಭಾರತೀಯ ಪ್ರಜೆ, ಅಂದರೆ ಓಸಿಐ ಕಾರ್ಡ್ ಇದ್ದರೆ ಸ್ಮಾರಕ, ವಸ್ತುಸಂಗ್ರಹಾಲಯ, ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಶುಲ್ಕ ಭಾರತೀಯರಷ್ಟೇ. ಕೇಂದ್ರ ಗೃಹ ಸಚಿವಾಲಯದ 2021ರ ಮಾರ್ಚ್ 4ರ ಅಧಿಸೂಚನೆ ಇದನ್ನು ಸ್ಪಷ್ಟವಾಗಿ ಹೇಳಿದೆ. ದೇಶದೊಳಗಿನ ವಿಮಾನ ಟಿಕೆಟ್ ದರಕ್ಕೂ ಇದೇ ಸಮಾನತೆ ಉಂಟು. ಎಷ್ಟೋ ಮನೆಗಳಲ್ಲಿ ಕಾರ್ಡು ಸೂಟ್‌ಕೇಸಿನ ತಳದಲ್ಲೇ ಉಳಿದು, ಕಿಟಕಿಯ ಮುಂದೆ ವಾದ ಶುರುವಾಗುತ್ತದೆ. ಮೂಲ ಕಾರ್ಡನ್ನೇ ಒಯ್ಯಿರಿ, ಹಣ ಕೊಡುವ ಮುನ್ನ ತೋರಿಸಿ. ವಿದೇಶಿ ಮೂಲದ ಸೊಸೆ ಅಥವಾ ಅಳಿಯನಿಗೂ ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲೆ ಈ ಕಾರ್ಡಿಗೆ ಅರ್ಜಿ ಹಾಕಬಹುದು; ಅಲ್ಲಿಯವರೆಗೆ 600 ತಪ್ಪದು.

ಟಿಕೆಟ್ ಕೈಗೆ ಬಂದ ಮೇಲೆ ಎಸೆಯಬೇಡಿ. ಅದೇ ದಿನ ಜನಾನಾ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಅದೇ ಸಾಕು. ಕುಷ್ಟಗಿ ಕಡೆಯವರು ಬಾದಾಮಿ ಸುತ್ತಿಗೆ ಹೊರಟರೆ ಲೆಕ್ಕ ಬೇರೆ: ಬಾದಾಮಿ ಗುಹೆಗಳಿಗೆ 25 ಮತ್ತು 300, ಪಟ್ಟದಕಲ್ಲಿಗೆ ಹಂಪಿಯ ದರವೇ. ನಗದುರಹಿತವಾಗಿ ಪಾವತಿಸಿದರೆ ಎರಡೂ ಕಡೆ ವಿದೇಶಿಯರಿಗೆ 50, ಭಾರತೀಯರಿಗೆ 5 ರೂಪಾಯಿ ಕಡಿಮೆ. ಯಾವ ಜಂಜಾಟವೂ ಬೇಡ ಎಂದರೆ ಯಲಬುರ್ಗಾ ಸೀಮೆಯ ಇಟಗಿಗೆ ಹೋಗಿ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯವನ್ನು ಯಾವ ದೇಶದವರೇ ಆಗಲಿ ಪುಕ್ಕಟೆ ನೋಡಬಹುದು.

ಬರೆಯದ ದರಗಳ ಕಥೆ ಬೇರೆ. ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರು ತಂಗುತ್ತಿದ್ದ ಅತಿಥಿಗೃಹಗಳು ಸುಪ್ರೀಂ ಕೋರ್ಟಿನ 2020ರ ತೀರ್ಪಿನ ನಂತರ ನೆಲಸಮವಾದವು. ಈಗ ಬೆನ್ನಿಗೆ ಚೀಲ ಹೊತ್ತ ಪರದೇಶಿಗಳು ಸಿಗುವುದು ಸಣಾಪುರ, ಆನೆಗೊಂದಿಯಲ್ಲಿ. ಹರಿಗೋಲಿಗೆ, ಆಟೊಗೆ, ಬಾಡಿಗೆ ಸ್ಕೂಟರಿಗೆ ಮುಖ ನೋಡಿ ಮಣೆ ಹಾಕುವುದು ಅಲ್ಲಿ ಹೊಸದಲ್ಲ. ಸರ್ಕಾರವೇ ಹದಿನೈದು ಪಟ್ಟು ವಸೂಲಿ ಮಾಡುವ ಊರಿನಲ್ಲಿ, ಎರಡು ಪಟ್ಟು ಕೇಳಿದ ಹರಿಗೋಲಿನವನೊಬ್ಬನನ್ನೇ ಮೋಸಗಾರ ಎನ್ನುವುದು ಎಷ್ಟು ಸರಿ? ಒಂದು ವ್ಯತ್ಯಾಸವಂತೂ ಇದೆ: ಸರ್ಕಾರ ತನ್ನ ದರವನ್ನು ಫಲಕದ ಮೇಲೆ ಬರೆದು ಹಾಕಿದೆ.

ಆದ್ದರಿಂದ ಅತಿಥಿಯ ಜೊತೆ ಹೋದವರು ಹರಿಗೋಲು ಹತ್ತುವ ಮುಂಚೆ, ಕನ್ನಡದಲ್ಲೇ, ಎರಡು ಪ್ರಶ್ನೆ ಕೇಳಬೇಕು. ‘ತಲೆಗೆಷ್ಟು, ಹರಿಗೋಲಿಗೆಷ್ಟು? ಹೋಗಿ ಬರೋದಕ್ಕೋ, ಹೋಗೋದಕ್ಕಷ್ಟೇನೋ?’ ನಡುನೀರಿನಲ್ಲಿ ಚೌಕಾಸಿ ನಡೆಯದು. ಕಿನ್ನಾಳದ ಗೊಂಬೆಗೆ ಮಾತ್ರ ಹೆಚ್ಚು ಎಳೆದಾಡುವುದು ಬೇಡ; ಹಗುರ ಮರ ಕೆತ್ತಿ ಬಣ್ಣ ಕಟ್ಟುವ ಕೈಗೆ ಊರಿನವರು ಕೊಡುವ ಬೆಲೆಯೇ ಕಡಿಮೆ.

ನೀರಿನ ಬಾಟಲಿ, ಬಿಸ್ಕತ್ತು, ಸನ್‌ಸ್ಕ್ರೀನ್‌ನಂಥ ಪೊಟ್ಟಣದ ಸಾಮಾನಿಗೆ ಚೌಕಾಸಿಯ ಮಾತೇ ಇಲ್ಲ. ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವುದು 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಉಲ್ಲಂಘನೆ, ಕೊಳ್ಳುವವರು ಯಾರೇ ಇರಲಿ. ಬಿಲ್ ಪಡೆದು, ಬಾಟಲಿಯ ಬೆಲೆ ಕಾಣುವಂತೆ ಫೋಟೊ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಪ್ರವಾಸಿಗರ ಸಹಾಯವಾಣಿ 1363 ಹಗಲೂ ರಾತ್ರಿ ಇರುತ್ತದೆ. ಅಲ್ಲಿ ವಿದೇಶಿ ಭಾಷೆಗಳಲ್ಲೂ ಮಾತಾಡಬಹುದು.

ಹೋಂಸ್ಟೇ ನಡೆಸುವವರಿಗೊಂದು ಮಾತು. ಕೋಣೆ, ಊಟ, ಸ್ಕೂಟರಿನ ದರವನ್ನು ಬಾಗಿಲಲ್ಲೇ ಬರೆದು ಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ತುಂಬುವುದು ಕಡ್ಡಾಯ. ನಮ್ಮ ಯುಪಿಐ ಹೆಚ್ಚಿನ ವಿದೇಶಿಯರ ಫೋನಿನಲ್ಲಿ ಇರುವುದಿಲ್ಲ, ಚಿಲ್ಲರೆ ಇಟ್ಟುಕೊಂಡಿರಿ.

ಕೊಪ್ಪಳದವರೇ ಹೊರಗೆ ಹೊರಟಾಗ ತಕ್ಕಡಿ ತಿರುಗುತ್ತದೆ. ಬ್ಯಾಂಕಾಕಿನ ಅರಮನೆ ಥಾಯ್ ಪ್ರಜೆಗಳಿಗೆ ಪುಕ್ಕಟೆ, ನಮಗೆ 500 ಬಾತ್. ಭೂತಾನಿನಲ್ಲಿ ಮಾತ್ರ ಭಾರತೀಯರಿಗೆ ರಿಯಾಯಿತಿ: ಬೇರೆ ವಿದೇಶಿಯರು ರಾತ್ರಿಗೆ 100 ಡಾಲರ್ ಪ್ರವಾಸಿ ಶುಲ್ಕ ಕೊಡುವಲ್ಲಿ ನಮಗೆ 1,200 ರೂಪಾಯಿ. ಆದರೆ ಅಲ್ಲಿ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಒಯ್ಯಬೇಕು.