ಸೈಲೆನ್ಸರ್ ಬದಲಿಸಿದರೆ ಎಳೆತ ಬರುತ್ತದೆಯೇ?

ಅಜ್ಜಂಪುರದಿಂದ ಈರುಳ್ಳಿ ಹೇರಿಕೊಂಡು ಹೋಗುವ ನಿಮ್ಮ ಬಿಎಸ್-6 ಡೀಸೆಲ್ ಪಿಕಪ್‌ಗೆ ನೇರ ಪೈಪ್ ಹಾಕಿಸಬೇಡಿ. ಏರುವುದು ಸದ್ದು, ಎಳೆತವಲ್ಲ. ಲೋಡಿನಲ್ಲಿ ಏರು ಹತ್ತುವಾಗ ಗಾಡಿ ಸೋತರೆ ಮೊದಲು ಏರ್ ಫಿಲ್ಟರ್, ಟರ್ಬೊ ಹೋಸ್ ನೋಡಿಸಿ. ಹೋಸಿನ ಕ್ಲಾಂಪ್ ಸುತ್ತ ಎಣ್ಣೆಜಿಡ್ಡು, ಮಸಿ ಕಂಡರೆ ಅಲ್ಲೇ ಗಾಳಿ ಸೋರುತ್ತಿರಬಹುದು.

ತುಕ್ಕು ತಿಂದಿರುವುದು ಹಿಂದಿನ ಸೈಲೆನ್ಸರ್ ಡಬ್ಬ ಮಾತ್ರವೇ? ಕಡೂರಿನಲ್ಲೋ ತರೀಕೆರೆಯಲ್ಲೋ ಅದೇ ಮಾಡೆಲ್‌ನದು, ಅದೇ ಅಳತೆಯ ಪೈಪಿನದು ಹಾಕಿಸಿ. ಗ್ಯಾಸ್ಕೆಟ್, ನೇತುಹಾಕುವ ರಬ್ಬರ್ ಹೊಸದಿರಲಿ. ಮುಂದಿನ ಕ್ಯಾಟಲಿಟಿಕ್ ಕನ್ವರ್ಟರ್, ಸೆನ್ಸರ್ ಮಾತ್ರ ಮುಟ್ಟಿಸಬೇಡಿ, ವೆಲ್ಡಿಂಗ್‌ನವರು ಎಷ್ಟೇ ಆಸೆ ಹುಟ್ಟಿಸಲಿ. ಸದ್ದು, ಹೊಗೆ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಲೈಸೆನ್ಸಿಗೂ 3 ತಿಂಗಳು ಕುತ್ತು.