ರೋಗಿಯ ರಕ್ತ ಮತ್ತು ಶುಶ್ರೂಷಕಿಯ ಆತಂಕ

ರಾಜಾಜಿನಗರ, ವಿಜಯನಗರ, ಕೆಂಗೇರಿ ಕಡೆ ನರ್ಸಿಂಗ್ ಕಲಿಯುವ ನಮ್ಮ ಹೆಣ್ಣುಮಕ್ಕಳು ಮೊದಲ ಸಲ ವಾರ್ಡಿಗೆ ಕಾಲಿಟ್ಟಾಗ ಅವರನ್ನು ಕಾಡುವ ಪ್ರಶ್ನೆಯೊಂದಿದೆ: ರೋಗಿಯ ರಕ್ತ ತಗಲಿದರೆ ಗತಿಯೇನು? ಕೈಗೆ ಸೂಜಿ ಚುಚ್ಚಿಕೊಂಡರೂ ಮನೆಯಲ್ಲಿ ಹೇಳದೆ, ಓದು ಬಿಡಿಸುತ್ತಾರೆ, ನಾಳೆ ಸಂಬಂಧ ಕೂಡಿಬರುವುದಿಲ್ಲ ಎಂದು ಒಳಗೊಳಗೇ ಕೊರಗುವವರುಂಟು.

ಹೀಗೆ ಮುಚ್ಚಿಡುವುದೇ ದೊಡ್ಡ ಅಪಾಯ. ಚುಚ್ಚಿದ ಜಾಗವನ್ನು ಹಿಂಡಬಾರದು, ಬೆರಳನ್ನು ಬಾಯಿಗಿಡಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಮೇಲಿನವರಿಗೆ ತಿಳಿಸಬೇಕು. ವೈದ್ಯರು ಅಗತ್ಯವೆಂದರೆ ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ಸಾಧ್ಯವಾದಷ್ಟೂ 2 ಗಂಟೆಯೊಳಗೆ, ತಡವೆಂದರೂ 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು. ನಾಚಿಕೆಯಲ್ಲಿ ಮೂರು ದಿನ ಕಳೆದರೆ ಆ ಬಾಗಿಲು ಮುಚ್ಚಿದಂತೆಯೇ.

ಎಚ್.ಐ.ವಿ. ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೂ, ಮಾತ್ರೆ ಸೇವಿಸದಿದ್ದಲ್ಲಿ ಸೋಂಕು ತಗಲುವ ಸಾಧ್ಯತೆ 1000ಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆಯಾದರೋ 100ಕ್ಕೆ 6ರಿಂದ 30ರವರೆಗೆ! ಜನ ಬೆಚ್ಚಿಬೀಳುವುದು ಒಂದರ ಹೆಸರಿಗೆ, ಹೆಚ್ಚು ಸುಲಭವಾಗಿ ಅಂಟುವುದು ಇನ್ನೊಂದು. ಅದಕ್ಕೆ ಆರು ತಿಂಗಳಲ್ಲಿ ಮುಗಿಯುವ 3 ಡೋಸುಗಳ ಲಸಿಕೆಯಿದೆ. ಕಾಲೇಜಿಗೆ ಸೇರಿಸುವಾಗ ಶುಲ್ಕದ ಬಗ್ಗೆ ವಿಚಾರಿಸುವ ತಂದೆತಾಯಿಯರು ಇದನ್ನೂ ವಿಚಾರಿಸಲಿ. 2017ರ ಎಚ್.ಐ.ವಿ. ಕಾಯ್ದೆಯು ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ರಕ್ಷಣಾ ಸಾಧನಗಳನ್ನೂ ಆ ಮಾತ್ರೆಗಳನ್ನೂ ಒದಗಿಸಬೇಕೆಂದು ವಿಧಿಸಿದೆ. ತರಬೇತಿಯ ಆಸ್ಪತ್ರೆಯಲ್ಲಿ ಅವು ಎಲ್ಲಿ ಸಿಗುತ್ತವೆಂದು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು.

ಅಲ್ಲಾಹನ ಮೇಲೆ ಭರವಸೆಯಿಟ್ಟವರಿಗೆ ಗ್ಲೌಸ್ ಏಕೆ ಎನ್ನುವವರು ಹಝ್ರತ್ ಉಮರ್(ರ)ರ ಪ್ರಯಾಣವನ್ನು ನೆನೆಯಲಿ. ಸಿರಿಯಾದಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು ಅವರು ಸರ್ಗ್ ಎಂಬಲ್ಲಿಂದ ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ಅವನ ಒಂದು ವಿಧಿಯಿಂದ ಇನ್ನೊಂದು ವಿಧಿಯೆಡೆಗೇ ಸಾಗುತ್ತಿದ್ದೇವೆಂಬ ಅರ್ಥದ ಉತ್ತರ ಕೊಟ್ಟರು. ಹಾಗೆಂದು ರೋಗಿಯನ್ನು ತೊರೆಯುವ ಮಾತಿಲ್ಲ. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ರುಫೈದಾ(ರ) ಎಂಬ ಮಹಿಳೆಯ ಡೇರೆಯಲ್ಲಿ ಶುಶ್ರೂಷೆಗೆ ಇರಿಸಲಾಗಿತ್ತು.

ಇನ್ನೊಂದು ಆತಂಕ ನಮಾಝಿನದು. ರೋಗಿಯ ರಕ್ತ ತಗಲಿದ ಮಾತ್ರಕ್ಕೆ ವುಝೂ ಮುರಿಯುವುದಿಲ್ಲ. ತಗಲಿದ ಜಾಗವನ್ನು ತೊಳೆದರೆ ಸಾಕು. ಬಟ್ಟೆಗೆ ಅಂಟಿದ ರಕ್ತವನ್ನು ಉಜ್ಜಿ ನೀರಿನಲ್ಲಿ ತೊಳೆದು ಅದೇ ಬಟ್ಟೆಯಲ್ಲಿ ನಮಾಝ್ ಮಾಡಬಹುದೆಂದು ಪ್ರವಾದಿ(ಸ)ಯವರೇ ಮಹಿಳೆಯರಿಗೆ ಕಲಿಸಿದ್ದಾರೆ. ತೊಳೆದ ಮೇಲೂ ಮಸುಕಾದ ಕಲೆ ಉಳಿದರೆ ದೋಷವಿಲ್ಲ. ಆ ಕಲೆ ನೋಡುತ್ತ ಝುಹರ್ ನಮಾಝನ್ನು ಅಸರ್‌ವರೆಗೆ ಮುಂದೂಡಬೇಕಾಗಿಲ್ಲ.