ಹಸಿದ ಮಿದುಳು ಮೊದಲು ಕೈಬಿಡುವುದೇನನ್ನು?

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಚೆಂಡು ಹೂವಿನ ಕಾಲದಲ್ಲಿ ನಾವು ನಸುಕಿಗೇ ಹೊಲಕ್ಕೆ ಹೊರಟುಬಿಡುತ್ತೇವೆ. ಅವಳು ಒಂದು ಲೋಟ ಟೀ ಕುಡಿದು ಶಾಲೆಗೆ ಹೋಗುತ್ತಾಳೆ. ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ ಅನ್ನುತ್ತಾಳೆ. ಹಸಿವಿಗೂ ಮರೆವಿಗೂ ಸಂಬಂಧ ಇದೆಯೇ? ಪರೀಕ್ಷೆಯ ದಿನ ಗ್ಲೂಕೋಸ್ ಪುಡಿ ಕಲಸಿಕೊಟ್ಟರೆ ಸಾಕೇ? ಇನ್ನೊಂದು ಕುತೂಹಲ. ನಮ್ಮ ಕಡೆ ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡುತ್ತಾರೆ, ಕೈಯಲ್ಲಿ ಒಂದು ಹಾಳೆಯೂ ಇರುವುದಿಲ್ಲ. ಅಷ್ಟನ್ನೆಲ್ಲ ನೆನಪಿಡಲು ಅವರ ತಲೆಗೆ ಎಷ್ಟು ಶಕ್ತಿ ಬೇಕು?
— ಓದುಗರೊಬ್ಬರು, ಭೀಮನಬೀಡು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಗಳ ಪ್ರಶ್ನೆಗೂ ಗ್ಲೂಕೋಸ್ ಪುಡಿಯ ಪ್ರಶ್ನೆಗೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರ ಹಾಡು ಕೇಳಿದವರಿಗೆ ನಿಮ್ಮ ಅಚ್ಚರಿ ಅರ್ಥವಾಗುತ್ತದೆ. ತಂಬೂರಿ, ಡಕ್ಕೆ, ಗಗ್ಗರ, ತಾಳ ಇಷ್ಟೇ ಅವರ ಸಾಮಾನು. ಧರೆಗೆ ದೊಡ್ಡವರು ಎಂದು ಕರೆಯುವ ಮಂಟೇಸ್ವಾಮಿಯ ಕತೆ, ಸಿದ್ಧಪ್ಪಾಜಿಯ ಕತೆ ಸಾಲು ಸಾಲಾಗಿ ಬರುತ್ತಲೇ ಇರುತ್ತದೆ, ಬೆಳಗಿನ ಕೋಳಿ ಕೂಗಿದರೂ ಮುಗಿದಿರುವುದಿಲ್ಲ. ಇಂಥ ತಲೆಗೆ ವಿಶೇಷವಾದ ಮೇವು ಬೇಕೇನೋ ಎಂದು ಯಾರಿಗಾದರೂ ಅನ್ನಿಸೀತು.

ಲೆಕ್ಕ ಹಾಕಿ ನೋಡೋಣ. ವಯಸ್ಕರ ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ಸುಮ್ಮನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಹೋಗುತ್ತದೆ. ವಿದ್ಯುತ್ತಿನ ಭಾಷೆಯಲ್ಲಿ ಹೇಳಿದರೆ ಸುಮಾರು 20 ವ್ಯಾಟ್, ಮನೆಯ ಎರಡು ಎಲ್‌ಇಡಿ ಬಲ್ಬು ಉರಿದಷ್ಟು. ದಿನವಿಡೀ ಉರಿದರೆ ಸುಮಾರು 400 ಕಿಲೋ ಕ್ಯಾಲೊರಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 320 ಕಿಲೋ ಕ್ಯಾಲೊರಿಯ ಆಸುಪಾಸು ಇರುತ್ತದೆ. ಹಾಗಾಗಿ 125 ಗ್ರಾಂ ಹಿಟ್ಟಿನ ಮುದ್ದೆ ಇಡೀ ದಿನಕ್ಕೆ ಒಂದು ಮಿದುಳನ್ನು ಸಾಕುತ್ತದೆ. ಹತ್ತು ಗಂಟೆ ಹಾಡುವ ನೀಲಗಾರರ ಮಿದುಳಿಗೆ ಅದರ ಅರ್ಧಕ್ಕಿಂತಲೂ ಕಡಿಮೆ ಸಾಕು.

ಇನ್ನೂ ಅಚ್ಚರಿಯ ಮಾತು ಮುಂದಿದೆ. ಅದೇ ನೀಲಗಾರರು ಅಂದು ಹಾಡದೆ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರೂ ಅವರ ಮಿದುಳು ಹೆಚ್ಚುಕಡಿಮೆ ಅಷ್ಟನ್ನೇ ಉರಿಸುತ್ತಿತ್ತು. ಕಷ್ಟದ ಲೆಕ್ಕ ಬಿಡಿಸುವಾಗ, ಪಾಠ ಒಪ್ಪಿಸುವಾಗ ಮಿದುಳಿನ ಒಟ್ಟು ಖರ್ಚು ಏರುವುದು ಸಾಮಾನ್ಯವಾಗಿ ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಅವರ ಸಂಗಡಿಗರು ಮಿದುಳಿನ ಚಿತ್ರಗಳನ್ನು ವರ್ಷಗಟ್ಟಲೆ ಅಳೆದು ತೋರಿಸಿದ ಸಂಗತಿ ಇದು. ಶತಾವಧಾನಿ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಕನ್ನಡದಲ್ಲಿಯೇ ಶತಾವಧಾನ ನಡೆಸಿದಾಗಲೂ, ಪದ್ಯಗಳ ಸಾಲುಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡಿದ್ದ ಆ ಮಿದುಳಿಗೆ ಹೆಚ್ಚುವರಿಯಾಗಿ ಬೇಕಾದದ್ದು ಕೆಲವು ತುತ್ತು ಅನ್ನದಷ್ಟೇ ಇದ್ದೀತು. ರಾತ್ರಿ ಕಳೆದ ಮೇಲೆ ನೀಲಗಾರರಿಗೆ ಹಸಿವಾದರೆ ಅದು ಗಂಟಲು, ಎದೆ, ಕೈಕಾಲುಗಳ ದುಡಿಮೆಯ ಹಸಿವು.

ಹಾಗಾದರೆ ನೆನಪು ಪುಕ್ಕಟೆಯೇ? ಅಲ್ಲ. ಅದರ ಬೆಲೆ ತೆರುವುದು ಹಾಡುವ ರಾತ್ರಿ ಅಲ್ಲ, ಕಲಿಯುವ ವರ್ಷಗಳಲ್ಲಿ. ನೀಲಗಾರ ಹುಡುಗನಾಗಿದ್ದಾಗ ಮೇಳದ ಹಿಂದೆ ಕೂತು ದನಿಗೂಡಿಸುತ್ತ, ತಪ್ಪುತ್ತ, ಮತ್ತೆ ಹಿಡಿಯುತ್ತ ಹೋದನಲ್ಲ, ಆಗ ಅವನ ಮಿದುಳಿನಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಎರಡು ನರಕೋಶಗಳು ಮಾತಾಡಿಕೊಳ್ಳುವ ಸಂಧಿಗೆ ಸಿನಾಪ್ಸ್ ಎನ್ನುತ್ತಾರೆ. ಈಗ ಕೇಳಿದ ಫೋನ್ ನಂಬರನ್ನು ಒಂದು ನಿಮಿಷ ಹಿಡಿದಿಡಲು ಇರುವ ಸಂಧಿಗಳನ್ನೇ ಸ್ವಲ್ಪ ಬಿಗಿ ಮಾಡಿದರೆ ಸಾಕು. ಅದೇ ನಂಬರು ಹತ್ತು ವರ್ಷ ಉಳಿಯಬೇಕಾದರೆ ಹೊಸ ಪ್ರೋಟೀನುಗಳು ತಯಾರಾಗಬೇಕು, ಸಂಧಿಯ ಆಕಾರವೇ ಬದಲಾಗಬೇಕು. ಕಲಿತ ಮೇಲಿನ ಕೆಲವು ಗಂಟೆಗಳಲ್ಲಿ, ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಮುಖ್ಯವಾಗಿ, ಈ ಕೆಲಸ ನಡೆಯುತ್ತದೆ. ಒಟ್ಟು ಮಿದುಳಿನ ಲೆಕ್ಕದಲ್ಲಿ ಇದು ಸಣ್ಣ ಖರ್ಚು. ಆದರೆ ಆ ಜಾಗಕ್ಕೆ, ಆ ಹೊತ್ತಿಗೆ ಇಂಧನ ಒದಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಇಂಧನ ಎಲ್ಲಿಂದ ಬರುತ್ತದೆ ಎನ್ನುವುದು ಈ ಕತೆಯಲ್ಲಿ ನನಗೆ ತುಂಬ ಪ್ರಿಯವಾದ ಭಾಗ. ನಿಮ್ಮ ಊರಿನ ಹಿರಿಯರನ್ನು ಹಗೇವಿನ ಬಗ್ಗೆ ಕೇಳಿ. ನೆಲದೊಳಗೆ ಗುಂಡಿ ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡುತ್ತಿದ್ದ ಕಣಜ ಅದು. ನರಕೋಶಕ್ಕೆ ತನ್ನದೇ ಆದ ಹಗೇವು ಇಲ್ಲವೆಂದೇ ಹೇಳಬೇಕು. ಅದರ ಪಕ್ಕದಲ್ಲಿ ನಕ್ಷತ್ರದ ಹಾಗೆ ಕವಲೊಡೆದ ಇನ್ನೊಂದು ಬಗೆಯ ಕೋಶವಿದೆ, ಅದರ ಹೆಸರು ಆಸ್ಟ್ರೋಸೈಟ್. ಇದು ಒಂದು ಕಡೆ ರಕ್ತನಾಳವನ್ನು ಅಪ್ಪಿಕೊಂಡಿರುತ್ತದೆ, ಇನ್ನೊಂದು ಕಡೆ ಸಿನಾಪ್ಸನ್ನು. ರಕ್ತದಿಂದ ಬಂದ ಗ್ಲೂಕೋಸನ್ನು ಗ್ಲೈಕೋಜೆನ್ ಎಂಬ ರೂಪದಲ್ಲಿ ಸ್ವಲ್ಪ ಕೂಡಿಟ್ಟುಕೊಳ್ಳುವುದು ಇದೇ. ಪಕ್ಕದ ನರಕೋಶ ಜೋರಾಗಿ ದುಡಿಯತೊಡಗಿದಾಗ ಆಸ್ಟ್ರೋಸೈಟ್ ತನ್ನ ಕಣಜ ತೆರೆಯುತ್ತದೆ. ತೆರೆದು ಕಾಳನ್ನು ಹಾಗೇ ಕೊಡುವುದಿಲ್ಲ, ಬೀಸಿ ಹಿಟ್ಟು ಮಾಡಿ ಕೊಡುತ್ತದೆ. ಆ ಹಿಟ್ಟು ಲ್ಯಾಕ್ಟೇಟ್. ಗ್ಲೂಕೋಸನ್ನು ಒಲೆಗೆ ಹಾಕುವ ಮುಂಚೆ ನರಕೋಶ ಹತ್ತು ಹಂತಗಳಲ್ಲಿ ಒಡೆಯಬೇಕು. ಲ್ಯಾಕ್ಟೇಟ್ ಆದರೆ ಒಂದೇ ಹಂತ.

ಸ್ವಿಟ್ಜರ್ಲೆಂಡಿನ ಲೂಕ್ ಪೆಲೆರಿನ್ ಮತ್ತು ಪಿಯರ್ ಮಜಿಸ್ಟ್ರೆಟ್ಟಿ 1994ರಲ್ಲಿ ಈ ವಿವರಣೆ ಮುಂದಿಟ್ಟರು. ಯಾವ ಹೊತ್ತಿನಲ್ಲಿ ಎಷ್ಟು ಇಂಧನ ಈ ದಾರಿಯಲ್ಲಿ ಹೋಗುತ್ತದೆ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆದರೆ ನೆನಪಿನ ಮಟ್ಟಿಗೆ 2011ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಿನಾ ಆಲ್ಬೆರಿನಿ ತಂಡ ಇಲಿಗಳಲ್ಲಿ ನಡೆಸಿದ ಪ್ರಯೋಗ ತುಂಬ ಗಟ್ಟಿಯಾದದ್ದು. ಯಾವ ಕೋಣೆಗೆ ಹೋದರೆ ಕಾಲಿಗೆ ಶಾಕ್ ಹೊಡೆಯುತ್ತದೆ ಎಂದು ಇಲಿ ಒಂದೇ ಸಲಕ್ಕೆ ಕಲಿಯುತ್ತದೆ. ಹಿಪ್ಪೊಕ್ಯಾಂಪಸ್ಸಿನಲ್ಲಿ ಗ್ಲೈಕೋಜೆನ್ ಕರಗದಂತೆ ಮದ್ದು ಹಾಕಿದರೆ, ಆ ಇಲಿಗೆ ಆ ಹೊತ್ತಿಗೆ ಪಾಠ ನೆನಪಿರುತ್ತದೆ, ಮರುದಿನ ಇರುವುದಿಲ್ಲ. ಲ್ಯಾಕ್ಟೇಟ್ ಸೇರಿಸಿದರೆ ನೆನಪು ಉಳಿಯುತ್ತದೆ. ಆಸ್ಟ್ರೋಸೈಟಿನಿಂದ ಲ್ಯಾಕ್ಟೇಟ್ ಹೊರಬರುವ ಬಾಗಿಲನ್ನು ಕೆಡಿಸಿ, ಅಷ್ಟೇ ಶಕ್ತಿಯ ಗ್ಲೂಕೋಸ್ ಕೊಟ್ಟು ನೋಡಿದರು. ನೆನಪು ಉಳಿಯಲಿಲ್ಲ. ಆಗಲೂ ಲ್ಯಾಕ್ಟೇಟೇ ಬೇಕಾಯಿತು. ಗ್ಲೂಕೋಸ್ ಪುಡಿಯ ಪ್ರಶ್ನೆಗೆ ಬರುವಾಗ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಇನ್ನು ಹಸಿವು. ಇಲ್ಲಿ ನಮಗೆ ಪಾಠ ಹೇಳಿದ್ದು ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣ, ಡ್ರೊಸೊಫಿಲಾ. ನಿಮ್ಮ ಹತ್ತಿರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಬಾಟಲಿಗಳಲ್ಲಿ ಸಾಕಿ ಕಾಪಾಡುವ ಒಂದು ಕೇಂದ್ರವೇ ಇದೆ. ಈ ನೊಣಗಳಲ್ಲಿ ಒಂದಕ್ಕೆ ಡ್ರೊಸೊಫಿಲಾ ಮೈಸೂರೆನ್ಸಿಸ್ ಎಂದು ಹೆಸರೂ ಇದೆ. ನೆನಪಿನ ಬೆಲೆಯನ್ನು ನೇರವಾಗಿ ಅಳೆದದ್ದು ಮಾತ್ರ ಯುರೋಪಿನಲ್ಲಿ. 2005ರಲ್ಲಿ ಸ್ವಿಟ್ಜರ್ಲೆಂಡಿನ ಮೇರಿ ಮತ್ತು ಕವೆಕಿ ಒಂದು ಸರಳ ಪ್ರಯೋಗ ಮಾಡಿದರು. ನೊಣಗಳಿಗೆ ಒಂದು ವಾಸನೆಯ ಪಾಠ ಕಲಿಸಿದರು. ಬಹುಕಾಲ ಉಳಿಯುವ ನೆನಪು ಕಟ್ಟಿಕೊಂಡ ನೊಣಗಳನ್ನು ಅನ್ನ ನೀರಿಲ್ಲದೆ ಇಟ್ಟಾಗ ಅವು ಉಳಿದವಕ್ಕಿಂತ ಬೇಗ ಸತ್ತವು. ನೆನಪಿಗೆಂದು ವ್ಯಯಿಸಿ ಉಳಿದದ್ದು ಬದುಕುಳಿಯಲು ಸಾಲದೆ ಹೋಯಿತು.

2013ರಲ್ಲಿ ಪ್ಯಾರಿಸ್ಸಿನ ಪಿಯರ್-ಈವ್ ಪ್ಲಸೇ ಮತ್ತು ಥಾಮಸ್ ಪ್ರೆಆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಸಿದ ನೊಣದ ಮಿದುಳು ಅಪಾಯದ ಪಾಠವನ್ನು ದೀರ್ಘಕಾಲದ ನೆನಪಾಗಿ ಕಟ್ಟುವ ಕೆಲಸವನ್ನು ತಾನೇ ನಿಲ್ಲಿಸಿಬಿಡುತ್ತದೆ, ಖರ್ಚಿಲ್ಲದ ಅಗ್ಗದ ನೆನಪೊಂದನ್ನು ಮಾತ್ರ ಇಟ್ಟುಕೊಳ್ಳುತ್ತದೆ ಎಂದು ಅವರು ಕಂಡರು. ಆ ತಡೆಯನ್ನು ಒತ್ತಾಯದಿಂದ ತೆಗೆದು ನೆನಪು ಕಟ್ಟಿಸಿದರೆ ನೊಣ ಬೇಗ ಸಾಯುತ್ತದೆ. ಆದರೆ ಎಲ್ಲಿ ಸಕ್ಕರೆ ಸಿಕ್ಕಿತು ಎಂಬುದನ್ನು ಹಸಿದ ನೊಣ ಚೆನ್ನಾಗಿಯೇ ನೆನಪಿಡುತ್ತದೆ. ಅನ್ನ ಎಲ್ಲಿದೆ ಎಂಬುದು ಹಸಿದವರು ಮರೆಯಬಾರದ ಪಾಠ. ಮಿಕ್ಕದ್ದನ್ನು ದೇಹ ಮುಂದೂಡುತ್ತದೆ. ಇದನ್ನು ಓದಿದ ದಿನದಿಂದ, ಹಸಿದ ಮಗುವನ್ನು ದಡ್ಡ ಮಗು ಎಂದು ಯಾರಾದರೂ ಕರೆದರೆ ನನಗೆ ಸಹಿಸಲು ಆಗುವುದಿಲ್ಲ.

ನೊಣವಲ್ಲ ನಿಮ್ಮ ಮಗಳು. ಮನುಷ್ಯರ ಪಿತ್ತಜನಕಾಂಗದಲ್ಲಿ ರಾತ್ರಿ ಊಟದ ಗ್ಲೂಕೋಸ್ ಸಂಗ್ರಹವಾಗಿರುತ್ತದೆ, ಮಲಗಿದಾಗಲೂ ರಕ್ತಕ್ಕೆ ಅದು ಒಸರುತ್ತಲೇ ಇರುತ್ತದೆ. ಉಪವಾಸ ಉದ್ದವಾದರೆ ಕೊಬ್ಬಿನಿಂದ ತಯಾರಾಗುವ ಕೀಟೋನ್‌ಗಳನ್ನೂ ಮಿದುಳು ಉರಿಸಬಲ್ಲದು. ಆದ್ದರಿಂದ ಚೆನ್ನಾಗಿ ಉಂಡು ಬೆಳೆದವರು ಒಂದು ದಿನ ತಿಂಡಿ ಬಿಟ್ಟರೆ ಓದಿದ್ದೆಲ್ಲ ಅಳಿಸಿಹೋಗುವುದಿಲ್ಲ. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮರೆಗುಳಿಗಳಾಗುವುದಿಲ್ಲವಲ್ಲ.

ಆದರೆ ನಿಮ್ಮ ಮನೆಯ ಗಂಟೆಗಳನ್ನು ಎಣಿಸಿ ನೋಡಿ. ರಾತ್ರಿ ಎಂಟಕ್ಕೆ ಊಟ ಮುಗಿದು, ಮರುದಿನ ಮಧ್ಯಾಹ್ನ ಒಂದಕ್ಕೆ ಶಾಲೆಯ ಬಿಸಿಯೂಟ ಎಂದರೆ ನಡುವೆ 17 ಗಂಟೆ. ಆ ದಿನದ ಹೊಸ ಪಾಠಗಳಲ್ಲಿ ಹೆಚ್ಚಿನವು ನಡೆಯುವುದು ಆ 17 ಗಂಟೆಯ ಕೊನೆಯ ತುದಿಯಲ್ಲಿ. ಅದೂ ಒಂದು ದಿನವಲ್ಲ, ಹೂವಿನ ಕಾಲ ಮುಗಿಯುವವರೆಗೆ ದಿನವೂ. ಮಕ್ಕಳ ಲೆಕ್ಕ ದೊಡ್ಡವರ ಲೆಕ್ಕವೂ ಅಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಐದು ವರ್ಷದ ಆಸುಪಾಸಿನಲ್ಲಿ ಮಗುವಿನ ಇಡೀ ದಿನದ ಶಕ್ತಿಯಲ್ಲಿ ನೂರಕ್ಕೆ 40 ಪಾಲಿಗೂ ಮಿಕ್ಕಿ ಮಿದುಳೊಂದಕ್ಕೇ ಹೋಗುತ್ತದೆ. ನಿಮ್ಮ ಮಗಳ ವಯಸ್ಸಿಗೆ ಅದು ಇಳಿದಿರುತ್ತದೆ, ಆದರೆ ಆಗ ಮೈ ಬೆಳೆಯುವ ಖರ್ಚು ಏರಿರುತ್ತದೆ. ಜಮೈಕಾ ದೇಶದ ಹಳ್ಳಿಶಾಲೆಗಳಲ್ಲಿ ಒಂದು ವರ್ಷ ಬೆಳಗಿನ ತಿಂಡಿ ಕೊಟ್ಟು ನೋಡಿದ ಅಧ್ಯಯನ 1998ರಲ್ಲಿ ಹೊರಬಂತು. ಮಕ್ಕಳ ಹಾಜರಿ ಸುಧಾರಿಸಿತ್ತು, ಸಣ್ಣ ತರಗತಿಯವರ ಗಣಿತವೂ ಸುಧಾರಿಸಿತ್ತು. ಮೊದಲೇ ಸೊರಗಿದ ಮಕ್ಕಳಿಗೆ ತಿಂಡಿ ತಪ್ಪಿದರೆ ಪೆಟ್ಟು ಜಾಸ್ತಿ ಎಂದು ಅದೇ ದೇಶದ ಹಿಂದಿನ ಅಧ್ಯಯನವೊಂದು ತೋರಿಸಿತ್ತು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ: ಸಂಬಂಧ ಇದೆ, ದಿನದಿನವೂ ಕೂಡುತ್ತ ಹೋಗುವ ಸಂಬಂಧ.

ಟೀ ಬಗ್ಗೆ ಒಂದು ಮಾತು. ಊಟ ತಿಂಡಿಯ ಜೊತೆಗೇ ಟೀ ಕುಡಿದರೆ ಸೊಪ್ಪು, ರಾಗಿ, ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮುಟ್ಟು ಶುರುವಾದ ಹುಡುಗಿಯರಲ್ಲಿ ರಕ್ತಹೀನತೆ ಬಹಳ ಸಾಮಾನ್ಯ, ಅದರಿಂದ ಸುಸ್ತು, ಗಮನ ನಿಲ್ಲದಿರುವುದು, ಮರೆವು ಎಲ್ಲವೂ ಬರುತ್ತವೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಅವಳ ಹಿಮೋಗ್ಲೋಬಿನ್ ನೋಡಿಸಿ. ಇದನ್ನು ಮುಂದೂಡಬೇಡಿ.

ಗ್ಲೂಕೋಸ್ ಪುಡಿಗೆ ಬರೋಣ. ಪರೀಕ್ಷೆಯ ದಿನ ನೆನಪು ಕಟ್ಟುವ ದಿನವಲ್ಲ, ಕಟ್ಟಿಟ್ಟದ್ದನ್ನು ತೆಗೆಯುವ ದಿನ. ನೀಲಗಾರರ ಹಾಡುವ ರಾತ್ರಿಯ ಹಾಗೆ ಅಂದಿನ ಖರ್ಚು ತೀರ ಸಣ್ಣದು. ಕಲಿತ ದಿನಗಳಲ್ಲಿ ಒದಗದ ಇಂಧನವನ್ನು ಅಂದು ಲೋಟದಲ್ಲಿ ಕಲಸಿಕೊಟ್ಟು ತುಂಬಲಾಗದು. ಸಕ್ಕರೆ ನೀರು ಕುಡಿದ ಮೇಲೆ ಸ್ವಲ್ಪ ಹೊತ್ತು ನೆನಪಿನ ಆಟಗಳಲ್ಲಿ ಸಣ್ಣ ಪ್ರಯೋಜನ ಕಂಡ ಪ್ರಯೋಗಗಳು ಇವೆ, ನಿಜ. ಆದರೆ ಆರೋಗ್ಯವಂತರ ದೇಹ ರಕ್ತದ ಸಕ್ಕರೆಯನ್ನು ತಾನೇ ಒಂದು ಮಿತಿಯಲ್ಲಿ ಹಿಡಿದಿಡುತ್ತದೆ, ಮೇಲೆ ಸುರಿದದ್ದೆಲ್ಲ ನೇರ ಸಿನಾಪ್ಸಿಗೆ ಹೋಗುವುದಿಲ್ಲ. ಇಲಿಯ ಪ್ರಯೋಗ ನೆನಪಿದೆಯಲ್ಲ? ಲ್ಯಾಕ್ಟೇಟಿನ ಬಾಗಿಲು ಕೆಟ್ಟಾಗ ಗ್ಲೂಕೋಸ್ ಕೊಟ್ಟರೂ ಅಲ್ಲಿ ನೆನಪು ಉಳಿಯಲಿಲ್ಲ. ಪುಡಿಯ ದುಡ್ಡಿಗೆ ಕಡಲೆಕಾಯಿ ಕೊಳ್ಳಿ.

ಇನ್ನೊಂದು ಕೇಳಲೇಬೇಕು, ಅವಳು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾಳೆ? ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ನಿದ್ದೆಯ ಮೊದಲ ಗಂಟೆಗಳಲ್ಲಿ ಮಿದುಳಿನ ಕೋಶಗಳ ಎಟಿಪಿ, ಅಂದರೆ ಕೈಗೆ ಸಿಗುವ ಶಕ್ತಿಯ ಚಿಲ್ಲರೆ, ಏರುತ್ತದೆ ಎಂದು 2010ರಲ್ಲಿ ಇಲಿಗಳಲ್ಲಿ ಕಂಡಿದ್ದಾರೆ. ಎಚ್ಚರ ಕೂರಿಸಿದರೆ ಏರುವುದಿಲ್ಲ. ಹನ್ನೆರಡರವರೆಗೆ ಓದಿ ನಾಲ್ಕಕ್ಕೆ ಏಳುವ ಅಭ್ಯಾಸವಿದ್ದರೆ ಮೊದಲು ಅದನ್ನು ಬಿಡಿಸಿ.

ಸರ್ಕಾರಿ ಅಥವಾ ಅನುದಾನಿತ ಶಾಲೆಯಾದರೆ ನಿಮಗೆ ಇನ್ನೊಂದು ಆಸರೆ ಇದೆ. ನಮ್ಮ ರಾಜ್ಯದ ಬಿಸಿಯೂಟ 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಎಲ್ಲೆಡೆ ಹರಡಿತು, ಈಗ ಹತ್ತನೇ ತರಗತಿಯವರೆಗೂ ಇದೆ. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಬಂತು. 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಸೇರಿತು. ನನ್ನ ದೃಷ್ಟಿಯಲ್ಲಿ ಈ ಒಂದು ಲೋಟಕ್ಕೆ ಪಠ್ಯಪುಸ್ತಕದಷ್ಟೇ ಬೆಲೆ ಇದೆ. ಕೆಲವು ಮಕ್ಕಳು ನಾಚಿಕೊಂಡೋ ರುಚಿ ಹಿಡಿಸದೆಯೋ ಅದನ್ನು ಬಿಡುತ್ತಾರೆ. ನಿಮ್ಮ ಮಗಳು ಕುಡಿಯುತ್ತಾಳೋ ಕೇಳಿ. ಮೊದಲ ಪಾಠಕ್ಕೆ ಮುಂಚೆಯೇ ಅದು ಸಿಗುವಂತೆ ಮೇಷ್ಟ್ರ ಹತ್ತಿರ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮಾತಾಡಿ.

ಮನೆಯಲ್ಲಿ ಹೊಸದಾಗಿ ಒಲೆ ಹಚ್ಚಲೇಬೇಕೆಂದಿಲ್ಲ. ರಾತ್ರಿ ಮಿಕ್ಕ ತಂಗಳು ಹಿಟ್ಟನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಈರುಳ್ಳಿ ಹಾಕಿದರೆ ಅವಳ ಬೆಳಗಿನ ಪಾಠಗಳಿಗೆ ಸಾಕು. ಮೇಲೆ ಒಂದು ಬಾಳೆಹಣ್ಣು, ಒಂದು ಹಿಡಿ ಹುರಿದ ಕಡಲೆಕಾಯಿ ಇದ್ದರೆ ಇನ್ನೂ ಒಳ್ಳೆಯದು. ನಾಳೆ ಹೂವಿಗೆ ಹೊರಡುವ ಮುಂಚೆ ಅವಳ ಪಾಲಿನದನ್ನು ಮುಚ್ಚಿಟ್ಟು ಹೋಗಿ, ಟೀಗೆ ಮೊದಲು ಇದನ್ನು ಉಂಡು ಹೋಗು ಎಂದು ಹೇಳಿ ಹೋಗಿ.